ಪಂಜರದ ಮೇಲಿನ ಹಳದಿ ಬಟ್ಟೆ

ಮುರ್ಸಲಿ ಸತ್ತಿಲ್ಲ ಎಂದು ಗೊತ್ತಾದಾಗ ಬೆಲಿಂಬಿಂಗ್ ಗಲ್ಲಿಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಎಲ್ಲರಿಗೂ ಸಿಟ್ಟು ಬಂತು. ಅವನ ಹೆಂಡತಿಗೆ ಬಂದದ್ದು ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಇತ್ತು. ಒಬ್ಬ ಮನುಷ್ಯ ಬರೀ ಉಸಿರಾಡುವುದರಿಂದ ಇಷ್ಟು ಜನರನ್ನು ಒಂದೇ ಸಲಕ್ಕೆ ಕೆರಳಿಸಿದ ಉದಾಹರಣೆ ಜಕಾರ್ತದ ಆ ಭಾಗದಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಇದಕ್ಕೆಲ್ಲ ಮೂಲ, ಕಾಫಿ ಅಂಗಡಿಯಲ್ಲಿ ಹೇಳಿದ ಒಂದು ಸಣ್ಣ ಸುಳ್ಳು.

ಮುರ್ಸಲಿ ಫ್ಯಾನ್ ರಿಪೇರಿಯವನು. ಮನೆಯ ಜಗಲಿಯೇ ಅವನ ಅಂಗಡಿ. ಅಲ್ಲಿ ಬಿಚ್ಚಿಟ್ಟ ಫ್ಯಾನುಗಳು ಹನ್ನೆರಡಾದರೂ ಇರುತ್ತಿದ್ದವು. ಜೋಡಿಸಿಟ್ಟದ್ದನ್ನು ಕಂಡವರು ಕಡಿಮೆ. ಅವುಗಳ ಮೇಲೆ, ಸೂರಿನ ಕೊಕ್ಕೆಗೆ, ಅವನ ಬೆಳವದ ಹಕ್ಕಿಯ ಪಂಜರ ತೂಗುತ್ತಿತ್ತು. ಪಂಜರದ ಮೇಲೆ ಒಂದು ಹಳದಿ ಬಟ್ಟೆ. ಬಿಸಿಲು ಬಿದ್ದರೆ ಹಕ್ಕಿ ಕೂಗುವುದಿಲ್ಲ ಎಂದು ಅವನ ನಂಬಿಕೆ. ಬಟ್ಟೆ ಹೊದಿಸಿದರೂ ಅದು ಕೂಗಿದ್ದಿಲ್ಲ.

ಈ ಜಗಲಿಯನ್ನು ನೋಡಿ ಮೆಚ್ಚಿ ಒಂದು ದಿನ ಕಿನಾಂತಿ ಎಂಬ ಸಿನಿಮಾ ನಿರ್ದೇಶಕಿ ಒಳಗೆ ಬಂದಳು. ಚಿಕ್ಕ ವಯಸ್ಸು, ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಕಣ್ಣ ಕೆಳಗೂ ಅದೇ ಬಣ್ಣ.

"ಇದು ವಿಧಿ, ದುಃಖ, ಸ್ನೇಹ ಇವುಗಳ ಕಥೆ, ಪಾ," ಎಂದಳು, ಹಿರಿಯರಿಗೆ ಹೇಳುವ ಮರ್ಯಾದೆಯ ಪಾ ಸೇರಿಸಿ. "ತುಂಬಾ ಕರಾಳವಾದ ಥ್ರಿಲ್ಲರ್. ಯಾರೋ ಒಬ್ಬ ಗಮನ ಇಲ್ಲದೆ ಒಂದು ಸಣ್ಣ ಕೆಲಸ ಮಾಡ್ತಾನೆ. ಅದರಿಂದ ಇನ್ನೊಬ್ಬನ ಹೆಂಡತಿ ಸಾಯ್ತಾಳೆ. ಆ ಗಂಡ ವರ್ಷಗಟ್ಟಲೆ ಚಾಕು ಹಿಡ್ಕೊಂಡು ಅವನನ್ನ ಹುಡುಕ್ತಾನೆ. ಸಿಕ್ಕಿದಾಗ ಇಬ್ಬರೂ ಸ್ನೇಹಿತರಾಗಿಬಿಡ್ತಾರೆ."

ಮುರ್ಸಲಿ ಗಂಭೀರವಾಗಿ ಯೋಚಿಸಿ, "ಚಾಕು ಯಾಕೆ ತಾಯಿ? ಬೈದ್ರೆ ಸಾಲದಾ?" ಎಂದ.

ಕಿನಾಂತಿ ಅವನ ಮುಖವನ್ನೇ ನೋಡಿದಳು. "ಎಷ್ಟು ಶಾಂತವಾದ ಮುಖ ನಿಮ್ಮದು! ಒಂದು ಪಾತ್ರ ಇದೆ, ಮಾಡ್ತೀರಾ?"

ಮಾಡುತ್ತೇನೆ ಎಂದವನು ಯಾವ ಪಾತ್ರ ಎಂದು ಕೇಳಲಿಲ್ಲ. ನೇರವಾಗಿ ಕಾಫಿ ಅಂಗಡಿಗೆ ಹೋಗಿ, ತಾನು ನಾಯಕನ ಗೆಳೆಯನೆಂದೂ, ಇಡೀ ಸಿನಿಮಾ ತನ್ನ ಹೆಗಲ ಮೇಲೆ ನಿಂತಿದೆಯೆಂದೂ, ಕೊನೆಯಲ್ಲಿ ಒಂದು ಹೊಡೆದಾಟವೂ ಇರಬಹುದೆಂದೂ ಸಾರಿದ. ಗಲ್ಲಿಯ ಮುಖ್ಯಸ್ಥ ಪಾ ಸುಗೆಂಗ್, "ಮೊದಲು ಭಾನುವಾರ ಚರಂಡಿ ಕ್ಲೀನಿಂಗಿಗೆ ಬಾ, ಹೀರೋ," ಎಂದರು. ಮೂಲೆಯಲ್ಲಿ ಕೂತಿದ್ದ ರೋಜಾಲಿ ಎಂದಿನಂತೆ ಬೆನ್ನು ತಿರುಗಿಸಿಕೊಂಡ.

ರೋಜಾಲಿ ಎದುರು ಮನೆಯವನು, ನಿವೃತ್ತ ಬಸ್ ಡ್ರೈವರ್, ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಒಂಬತ್ತು ವರ್ಷಗಳಿಂದ ಅವನು ಮುರ್ಸಲಿಯೊಡನೆ ಮಾತು ಬಿಟ್ಟಿದ್ದ. ಕಾರಣ ತನ್ನ ನೀರಿನ ಪಂಪಿನ ಸದ್ದು ಎಂದು ಮುರ್ಸಲಿ ತೀರ್ಮಾನಿಸಿದ್ದ. ಎರಡು ಸಲ ಪಂಪನ್ನೇ ಬದಲಾಯಿಸಿಯೂ ಆಗಿತ್ತು. ಪ್ರಯೋಜನವಾಗಿರಲಿಲ್ಲ.

ಮಾರನೆಯ ವಾರ ಕಿನಾಂತಿಯ ಕಡೆಯವರು ಬಂದು ಅಳತೆ ತೆಗೆದುಕೊಂಡರು. ಸೊಂಟದ ಅಳತೆಯಲ್ಲ, ಉದ್ದದ್ದು. ಆಗ ಮುರ್ಸಲಿಗೆ ಗೊತ್ತಾಯಿತು, ತನ್ನದು ಹೆಣದ ಪಾತ್ರ.

ಇನ್ನು ಹಿಂದೆ ಸರಿಯುವುದು ಹೇಗೆ? ಗುಟ್ಟಾಗಿ ಸತ್ತು ಗುಟ್ಟಾಗಿ ಏಳುವುದೆಂದು ನಿಶ್ಚಯಿಸಿದ. ಶೂಟಿಂಗ್ ಮುಂದಿನ ತಿಂಗಳು, ದೂರದ ದೊಡ್ಡ ಸ್ಟುಡಿಯೋದಲ್ಲಿ ಎಂದು ಗಲ್ಲಿಗೆಲ್ಲ ಹೇಳಿದ. ಹೆಂಡತಿ ಮಸ್ನಾಳನ್ನು ಬೆಕಾಸಿಯ ತಂಗಿಯ ಮನೆಗೆ ಕಳಿಸಿದ. ಸತ್ತಂತೆ ಮಲಗುವುದು ಅಪಶಕುನ ಎನ್ನುವ ಹೆಂಗಸು ಅವಳು. ಒಂದು ಬುಧವಾರ ಬೆಳಗ್ಗೆ ಎಂಟಕ್ಕೆ ಸಿನಿಮಾದವರು ಬಂದರು.

ಇಲ್ಲಿಂದ ಮುಂದಿನದಕ್ಕೆ ಯಾರನ್ನೂ ದೂರುವಂತಿಲ್ಲ, ಆದರೆ ಎಲ್ಲರೂ ಎಲ್ಲರನ್ನೂ ದೂರಿದರು. ಸಿನಿಮಾದವರು ಗಲ್ಲಿಗೆ ಅಡ್ಡಲಾಗಿ ಶಾಮಿಯಾನ ಕಟ್ಟಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಎಲ್ಲರೂ ಕಪ್ಪು ಅಂಗಿಯವರು, ಏಕೆಂದರೆ ಸಿನಿಮಾದ ಕೆಲಸಗಾರರು ಬೇರೆ ಬಣ್ಣ ತೊಡುವುದಿಲ್ಲ. ಸಾವಿನ ದೃಶ್ಯಕ್ಕೆ ಗಲ್ಲಿಯ ಬಾಯಲ್ಲಿ ಹಳದಿ ಬಾವುಟ ಬೇಕಿತ್ತು. ಯಾರ ಮನೆಯಲ್ಲಾದರೂ ಸಾವಾದರೆ ಅಲ್ಲಿ ಹಳದಿ ಬಾವುಟ ಕಟ್ಟುತ್ತಾರೆ. ಹುಡುಕಿಕೊಂಡು ಬರುವವರು ಅದನ್ನು ನೋಡಿಯೇ ಒಳಗೆ ತಿರುಗುತ್ತಾರೆ. ಬಾವುಟ ತರಬೇಕಾದವನು ಮರೆತು ಬಂದಿದ್ದ. ಕಿನಾಂತಿ ಅವನಿಗೆ ಬೈದಳು. ಅವನು ಸುತ್ತಲೂ ಕಣ್ಣಾಡಿಸಿ, ಪಂಜರದ ಮೇಲಿನ ಹಳದಿ ಬಟ್ಟೆಯನ್ನು ಎಳೆದುಕೊಂಡು ಓಡಿಹೋಗಿ ಲೈಟಿನ ಕಂಬಕ್ಕೆ ಕಟ್ಟಿದ.

ಒಳಗೆ ಮುರ್ಸಲಿಯನ್ನು ಚಾಪೆಯ ಮೇಲೆ ಮಲಗಿಸಿ, ಬಾಟಿಕ್ ಬಟ್ಟೆ ಹೊದಿಸಿ, ಮುಖಕ್ಕೆ ತೆಳ್ಳನೆಯ ಬಿಳಿ ಬಟ್ಟೆ ಹಾಕಿ, ಮೂಗಿಗೆ ಹತ್ತಿ ತುರುಕಿದರು. ಕ್ಯಾಮೆರಾ ಮಲಗುವ ಕೋಣೆಯ ಪರದೆಯ ಹಿಂದೆ.

"ಇಪ್ಪತ್ತು ಜನ ನಟರು ಅಳೋಕೆ ಬರ್ತಾರೆ," ಎಂದಳು ಕಿನಾಂತಿ. "ಏನೇ ಆದ್ರೂ ನಾನು ಕಟ್ ಅನ್ನೋವರೆಗೂ ಅಲ್ಲಾಡಬೇಡಿ."

ಆ ಇಪ್ಪತ್ತು ಜನರ ಬಸ್ಸು ನೀರು ತುಂಬಿದ ರಸ್ತೆಯೊಂದರಲ್ಲಿ ಕೆಟ್ಟು ನಿಂತಿತ್ತು. ಇದು ಮಾತ್ರ ನಿಜವಾಗಿ ವಿಧಿಯ ಕೆಲಸ.

ಬಾವುಟವನ್ನು ಮೊದಲು ಕಂಡವಳು ಪಕ್ಕದ ಮನೆಯ ರೋಮ್ಲಾ, ತರಕಾರಿ ಚೀಲದ ಸಮೇತ. ಶಾಮಿಯಾನದ ಕೆಳಗೆ ಟೆಂಪೆ ಎಂಬ ಸೋಯಾ ಬಜ್ಜಿ ತಿನ್ನುತ್ತಿದ್ದ ಕಪ್ಪು ಅಂಗಿಯವನನ್ನು ಕೇಳಿದಳು, "ಯಾರಪ್ಪಾ?"

"ಮನೆ ಯಜಮಾನರೇ, ಅಮ್ಮಾ," ಎಂದ ಅವನು, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ.

"ಅಯ್ಯೋ! ಏನಾಗಿತ್ತು?"

"ಹಾರ್ಟ್ ಅಟ್ಯಾಕ್ ಅಂತ ಬರೆದಿದೆ."

ರೋಮ್ಲಾ ಚೀಲವನ್ನು ಕೆಳಗೆ ಬಿಟ್ಟಳು. ಮೊದಲು ಬಂದದ್ದು ಅಳುವಲ್ಲ. "ನಿನ್ನೆ ಸಾಯಂಕಾಲ ತಾನೇ ಹೇಳ್ದ, ನಾಳೆ ನಿನ್ ಫ್ಯಾನ್ ಕೊಡ್ತೀನಿ ಅಂತ! ಮೂರು ತಿಂಗಳಿಂದ ಬಿಚ್ಚಿಟ್ಟಿದಾನೆ! ಹೀಗೂ ಕೈ ಕೊಡ್ತಾರಾ ಯಾರಾದ್ರೂ?" ಎಂದು ಕೂಗಿದಳು. ಕೂಗುತ್ತ ಕೂಗುತ್ತ ಅದು ಅಳುವಾಯಿತು.

ಹತ್ತು ನಿಮಿಷದಲ್ಲಿ ಪ್ರಾರ್ಥನಾ ಮಂದಿರದ ಧ್ವನಿವರ್ಧಕದಲ್ಲಿ, ಅಲ್ಲಿ ಪ್ರಾರ್ಥನೆ ನಡೆಸುವ ಹಾಜಿ ಮಕ್ಮುನರ ದನಿ ಕೇಳಿತು. ಫ್ಯಾನ್ ರಿಪೇರಿಯ ಮುರ್ಸಲಿ ಬಿನ್ ನೈಮುನ್ ಇಂದು ಬೆಳಗ್ಗೆ ನಮ್ಮನ್ನು ಅಗಲಿದ್ದಾರೆ. ಬಟ್ಟೆಯ ಕೆಳಗೆ ಮುರ್ಸಲಿ ಬೆರಗಾದ. ಎಂಥಾ ಸಿನಿಮಾ! ಧ್ವನಿವರ್ಧಕವನ್ನೂ ಬಾಡಿಗೆಗೆ ಹಿಡಿದಿದ್ದಾರೆ. ಪಾತ್ರಕ್ಕೆ ತನ್ನ ಹೆಸರನ್ನೇ ಇಟ್ಟಿದ್ದಾರೆ, ಅಪ್ಪನ ಹೆಸರಿನ ಸಮೇತ!

ಜನ ಬರತೊಡಗಿದರು. ಹೆಂಗಸರು ಪದ್ಧತಿಯಂತೆ ಬೇಸಿನ್‌ಗಳಲ್ಲಿ ಅಕ್ಕಿ ತಂದು ಅಡುಗೆಮನೆಯ ಬಾಗಿಲಲ್ಲಿ ಸುರಿದರು. ಪರದೆಯ ಹಿಂದೆ ಕಿನಾಂತಿ, "ನಟರು ಬಂದ್ರು, ಕ್ಯಾಮೆರಾ ಶುರು ಮಾಡಿ," ಎಂದು ಪಿಸುಗುಟ್ಟಿದಳು. ಕ್ಯಾಮೆರಾ ಕಂಡ ಒಬ್ಬಿಬ್ಬರು ದೂರದೂರಿನ ನೆಂಟರಿಗೆ ತೋರಿಸಲು ಯಾರೋ ವೀಡಿಯೊ ಮಾಡಿಸುತ್ತಿದ್ದಾರೆ ಎಂದುಕೊಂಡು ಮುಖವನ್ನು ಸ್ವಲ್ಪ ಆ ಕಡೆಗೇ ತಿರುಗಿಸಿ ಅತ್ತರು.

ಮುರ್ಸಲಿಗೆ ದನಿಗಳ ಗುರುತು ಸಿಕ್ಕಿತು. ಇದು ರೋಮ್ಲಾ. ಇದು ಕಾಫಿ ಅಂಗಡಿಯವನು. ಹಾಗಾದರೆ ಇವರೆಲ್ಲರಿಗೂ ಪಾತ್ರ ಸಿಕ್ಕಿದೆ! ತನಗೆ ಒಂದು ಮಾತೂ ಹೇಳದೆ, ತನ್ನ ಮನೆಯಲ್ಲೇ, ತನ್ನ ಸಿನಿಮಾದಲ್ಲೇ, ಇಡೀ ಗಲ್ಲಿ ನಟಿಸುತ್ತಿದೆ. ಅದೂ ಮಾತಿರುವ ಪಾತ್ರಗಳು! ಅವನಿಗೆ ಮೈಯೆಲ್ಲ ಉರಿಯಿತು. ಹೆಣವಾದ್ದರಿಂದ ಸುಮ್ಮನಿದ್ದ.

"ಸಾವಿನ ವಿಷಯ ಮೊದಲು ನನಗೆ ಬರಬೇಕು," ಎಂದು ಪಾ ಸುಗೆಂಗ್ ಬಾಗಿಲಲ್ಲೇ ಗುಡುಗಿದರು. "ರಸ್ತೆಯಲ್ಲಿ ಬಾವುಟ ನೋಡಿ ತಿಳ್ಕೋಬೇಕಾ ನಾನು? ಶಾಮಿಯಾನಕ್ಕೆ ಯಾರ ಅನುಮತಿ? ಬದುಕಿದ್ದಾಗ ಒಂದು ಫಾರಂ ನೆಟ್ಟಗೆ ತುಂಬಲಿಲ್ಲ, ಸಾಯೋದನ್ನೂ ಹಾಗೇ ಮಾಡಿದಾನೆ."

"ಸ್ನಾನಕ್ಕೆ ಮೊದಲೇ ಮೂಗಿಗೆ ಹತ್ತಿ ಇಟ್ಟೋರು ಯಾರು?" ಎಂದು ಹಾಜಿ ಮಕ್ಮುನ್ ರೇಗಿದರು. "ಈಗಿನ ಹುಡುಗರಿಗೆ ಏನೂ ಗೊತ್ತಿಲ್ಲ. ಮಸ್ನಾಗೆ ಫೋನ್ ಮಾಡಿದ್ರಾ?"

"ಮಾಡ್ದೆ," ಎಂದಳು ರೋಮ್ಲಾ. "ಬಾಡಿಗೆ ಬೈಕ್ ಹತ್ತಿ ಹೊರಟಿದಾಳೆ. ಪಾಪ, ಫೋನಲ್ಲೇ ಬೈತಾ ಇದ್ಲು ಅವನಿಗೆ."

ಹಾಜಿ ಗಂಟಲು ಸರಿಮಾಡಿಕೊಂಡರು. ಹೆಣವನ್ನು ಎತ್ತುವ ಮೊದಲು ಬಂದವರನ್ನು ಕೇಳುವ ಒಂದು ಪ್ರಶ್ನೆ ಅಲ್ಲಿಯ ರೂಢಿ. ಉತ್ತರವೂ ರೂಢಿಯದೇ. ಬೇರೆ ಉತ್ತರ ಕೊಟ್ಟವರನ್ನು ಯಾರೂ ಕಂಡಿರಲಿಲ್ಲ.

"ಬಂಧುಗಳೇ, ಈ ಮುರ್ಸಲಿ ಒಳ್ಳೆಯವನಾಗಿದ್ದನೇ?"

"ಒಳ್ಳೆಯವನು," ಎಂದಿತು ಗುಂಪು, ಸ್ವಲ್ಪ ಸಣ್ಣ ದನಿಯಲ್ಲಿ.

ಮುರ್ಸಲಿ ದನಿಗಳನ್ನು ಎಣಿಸಿದ. ಕಾಫಿ ಅಂಗಡಿಯವನು ತುಟಿ ಆಡಿಸಿದ್ದು ಮಾತ್ರ ಎಂದು ಅವನಿಗೆ ಅನುಮಾನ.

"ಒಳ್ಳೆಯವನಾಗಿದ್ದನೇ?"

"ಒಳ್ಳೆಯವನು!"

"ಒಳ್ಳೆಯವನಾ—"

"ಅಲ್ಲ."

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ರೋಜಾಲಿ ನಿಂತಿದ್ದ. ಅವನ ಕೈಯಲ್ಲಿ ಕಂಬದಿಂದ ಬಿಚ್ಚಿದ ಹಳದಿ ಬಾವುಟವಿತ್ತು.

"ಬಾಂಗ್ ರೋಜಾಲಿ," ಎಂದರು ಹಾಜಿ ಮೆಲ್ಲಗೆ, ಅಲ್ಲಿನ ರೂಢಿಯಂತೆ ಗೌರವಕ್ಕೆ ಬಾಂಗ್ ಸೇರಿಸಿ, "ಇದು ಅದಕ್ಕೆಲ್ಲ ಸಮಯ ಅಲ್ಲ."

"ಇನ್ಯಾವಾಗ ಸಮಯ, ಹಾಜಿ? ಒಂಬತ್ತು ವರ್ಷ ಕಾದಿದೀನಿ! ಇವನಾಗೇ ಬಂದು ಒಂದು ಮಾತು ಹೇಳ್ಲಿ ಅಂತ ಕಾದೆ. ಹೇಳದೇ ಸತ್ತುಹೋದ, ದರಿದ್ರದವನು!" ರೋಜಾಲಿ ಬಾವುಟವನ್ನು ಬಿಡಿಸಿ ಹಿಡಿದ. ಬಟ್ಟೆ ಮಾಸಿ ಹಳೆಯ ಅರಿಸಿನದ ಬಣ್ಣಕ್ಕೆ ತಿರುಗಿತ್ತು. "ಈ ಅಂಚು ನೋಡಿ. ಇದು ನನ್ನ ಹೆಂಡತಿ ಸಾವೊದಾಳ ಹೊಲಿಗೆ. ದಿಂಬಿಗೆ ಅಂತ ಹೊಲಿದಿಟ್ಟಿದ್ಲು. ಅವಳು ಹೋದ ಬೆಳಗ್ಗೆ ಬೇರೆ ಹಳದಿ ಬಟ್ಟೆ ಸಿಗದೆ ಇದನ್ನೇ ಗಲ್ಲಿ ಬಾಯಲ್ಲಿ ಕಟ್ಟಿದ್ದೆ. ಅರ್ಧ ಗಂಟೆಯಲ್ಲಿ ಬಾವುಟ ಇಲ್ಲ! ಅವಳ ತಮ್ಮ ಸಾಮಾನ್, ಕರಾವಾಂಗಿಂದ ಬಂದವನು, ಈ ಗಲ್ಲಿ ಆ ಗಲ್ಲಿ ಅಂತ ಮಧ್ಯಾಹ್ನದವರೆಗೂ ಅಲೆದ. ಅವನು ಬರೋ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ಅಕ್ಕನ ಮುಖ ನೋಡಲಿಲ್ಲ ಅವನು! ಮಾರನೇ ದಿನ ಎದ್ದು ನೋಡ್ತೀನಿ, ಬಾವುಟ ಇವನ ಹಕ್ಕಿ ಪಂಜರದ ಮೇಲೆ. ಒಂಬತ್ತು ವರ್ಷ, ದಿನಾ ಬೆಳಗ್ಗೆ, ಅದನ್ನ ನೋಡ್ಕೊಂಡು ಕಾಫಿ ಕುಡಿದಿದೀನಿ. ಹಾಡದೇ ಇರೋ ಆ ಹಕ್ಕಿಗೆ!"

ಪರದೆಯ ಹಿಂದೆ ಕಿನಾಂತಿ ತನ್ನ ಬಾಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡಿದ್ದಳು.

"ಈಗ ನಾನು ಯಾರಿಗೆ ಬೈಲಿ?" ಎಂದ ರೋಜಾಲಿ. "ಕೂಡಿಟ್ಟಿರೋ ಬೈಗುಳ ಎಲ್ಲ ಏನ್ ಮಾಡ್ಲಿ? ಹೆಣಕ್ಕೆ ಬೈಯೋಕಾಗತ್ತಾ?" ಅವನು ಚಾಪೆಯ ಪಕ್ಕದಲ್ಲಿ ಕುಸಿದು ಕೂತು, ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಆಮೇಲೆ ಮೂಗು ಒರೆಸಿಕೊಂಡು ಹೇಳಿದ, "ಹೋಗ್ಲಿ. ಕ್ಷಮಿಸಿದೀನಿ. ಹೋಗು."

ಮುರ್ಸಲಿಗೆ ಆ ಬೆಳಗ್ಗೆ ನೆನಪಾಯಿತು. ಬೆಕಾಸಿಯಲ್ಲಿ ಮೂರು ದಿನದ ಮದುವೆ ಮುಗಿಸಿ ನಿದ್ದೆಗಣ್ಣಲ್ಲಿ ಬಂದಿದ್ದ. ಚುನಾವಣೆಯ ಕಾಲ, ಊರಿನ ಕಂಬಗಳಲ್ಲೆಲ್ಲ ಪಕ್ಷಗಳ ಬಾವುಟ, ಹಳದಿಯವೂ ಇದ್ದವು. ನಮ್ಮ ಗಲ್ಲಿಗೂ ಬಂದರಾ ಇವರು ಎಂದು ಸಿಟ್ಟಿನಿಂದ ಕಿತ್ತು, ಬಟ್ಟೆ ಗಟ್ಟಿಯಾಗಿದೆ ಎಂದು ಜೇಬಿಗಿಟ್ಟು, ಎದುರು ಮನೆಯ ಕಡೆ ಕಣ್ಣೂ ಹಾಯಿಸದೆ ಮನೆಗೆ ಬಂದು ಸಂಜೆಯವರೆಗೆ ಮಲಗಿದ್ದ.

ಅವನು ಎದ್ದು ಕೂತ.

"ಬಾಂಗ್! ನಂಗೊತ್ತಿರ್ಲಿಲ್ಲ! ಚುನಾವಣೆದು ಅಂದ್ಕೊಂಡೆ! ದೇವರಾಣೆಗೂ ಪಂಪಿನ ಸದ್ದಿಗೆ ನಿಮಗೆ ಸಿಟ್ಟು ಅಂದ್ಕೊಂಡಿದ್ದೆ!"

ಹತ್ತಿ ತುರುಕಿದ ಮೂಗಿನಿಂದ ಬಂದ ಆ ದನಿ ಈ ಲೋಕದ್ದೆಂದು ಯಾರಿಗೂ ಅನಿಸಲಿಲ್ಲ. ಕಾಫಿ ಅಂಗಡಿಯವನು ಕಿಟಕಿಯಿಂದ ಹೊರಗೆ ಹೋದ. ರೋಮ್ಲಾ ಅಕ್ಕಿಯ ರಾಶಿಯ ಮೇಲೆ ಮೂರ್ಛೆ ಬಿದ್ದಳು. ಪಾ ಸುಗೆಂಗ್ ಸರ್ಕಾರಿ ಹುದ್ದೆಯ ಘನತೆಯನ್ನು ಅಂಗಳದವರೆಗೆ ಓಡಿಹೋಗಿ ಕಾಪಾಡಿಕೊಂಡರು. ಕೂತಲ್ಲೇ ಕೂತಿದ್ದವನು ರೋಜಾಲಿ ಒಬ್ಬನೇ. ಬಾಯಿ ತೆರೆದುಕೊಂಡಿದ್ದ.

"ಕಟ್!" ಎಂದು ಕಿನಾಂತಿ ಪರದೆ ಸರಿಸಿ ಬಂದಳು. ಕೆನ್ನೆಯ ಮೇಲೆ ಕಣ್ಣೀರು. "ಅದ್ಭುತ! ನೀವು ಯಾವ ನಾಟಕ ಕಂಪನಿಯವರು, ಪಾ?"

ರೋಜಾಲಿ ಅವಳನ್ನು ನೋಡಿದ. ಕ್ಯಾಮೆರಾ ನೋಡಿದ. ಮೂಗಿನಿಂದ ಹತ್ತಿ ಕೀಳುತ್ತಿದ್ದ ಮುರ್ಸಲಿಯನ್ನು ನೋಡಿದ. ನಿಧಾನವಾಗಿ ಎದ್ದು ನಿಂತ.

"ಸತ್ತಿಲ್ವಾ ನೀನು?"

"ಇಲ್ಲ, ಬಾಂಗ್."

"ನಾನು ಕ್ಷಮಿಸಿದ್ದು ವಾಪಸ್!"

ಅಲ್ಲಿಂದ ಸಿಟ್ಟಿನ ಸರದಿ. ತನ್ನಿಂದ ಸುಳ್ಳು ಸಾವನ್ನು ಸಾರಿಸಿದರಲ್ಲ ಎಂದು ಹಾಜಿಯವರಿಗೆ ಸಿಟ್ಟು. ಸಾವಿಲ್ಲದೆ ಬಾವುಟ ಹಾರಿಸಿದ್ದಕ್ಕೆ ಪಾ ಸುಗೆಂಗರಿಗೆ ಸಿಟ್ಟು. ಎಚ್ಚರಗೊಂಡ ರೋಮ್ಲಾ, "ನನ್ನಕ್ಕಿ ವಾಪಸ್ ಕೊಡಿ, ಎರಡು ಸೇರು, ಒಳ್ಳೇ ಸಣ್ಣಕ್ಕಿ," ಎಂದು ರಾಶಿಯ ಮುಂದೆ ಕೂತಳು. ಹದಿನೇಳು ಮನೆಯ ಅಕ್ಕಿ ಒಂದಾಗಿತ್ತು. ಯಾರದು ಸಣ್ಣಕ್ಕಿ, ಯಾರದು ನುಚ್ಚು ಎಂಬ ವಾದದಲ್ಲಿ ಗಲ್ಲಿಯ ಅನೇಕ ಹಳೆಯ ಸತ್ಯಗಳು ಹೊರಬಿದ್ದವು.

"ವಾಪಸ್ ತಗೊಳ್ಳೋಕೆ ಬರಲ್ಲ," ಎಂದರು ಹಾಜಿ. "ಇಷ್ಟು ಜನರ ಎದುರು ಕ್ಷಮಿಸಿದೀನಿ ಅಂದಿದ್ದೀ."

"ಹೆಣಕ್ಕೆ ಹೇಳಿದ್ದು ಅದು! ಇವನಿಗಲ್ಲ!"

"ಆಗ ಹೆಣ ನಾನೇ ಅಲ್ವಾ, ಮೂಗಲ್ಲಿ ಹತ್ತಿ ಇತ್ತಲ್ಲ, ಬಾಂಗ್—"

"ನೀನು ಬಾಯಿ ಮುಚ್ಚು! ನೀನು ಸತ್ತಿದ್ದೀಯ!"

ಎಲ್ಲರೂ ಪಾ ಸುಗೆಂಗರತ್ತ ತಿರುಗಿದರು. ಅವರು ಕನ್ನಡಕ ಒರೆಸಿ, ಎದೆ ಸೆಟೆಸಿ, ಗಲ್ಲಿಯ ಇತಿಹಾಸದಲ್ಲಿ ಉಳಿಯುವಂಥ ತೀರ್ಪು ಕೊಟ್ಟರು. "ಕ್ಷಮೆ ಕೊಟ್ಟಿದ್ದು ಮರಣಕ್ಕೆ. ಆದ್ದರಿಂದ ಅದು ಮರಣದ ದಿನಾಂಕದಿಂದ ಜಾರಿಗೆ ಬರುತ್ತೆ. ಅಲ್ಲಿಯವರೆಗೆ ಸಿಟ್ಟು ಮಾಡ್ಕೊಳ್ಳೋದಕ್ಕೆ ಬಾಂಗ್ ರೋಜಾಲಿಗೆ ಪೂರ್ತಿ ಅಧಿಕಾರ ಇದೆ."

ಆ ಕ್ಷಣದಲ್ಲೇ ಮಸ್ನಾ ಬೈಕಿನಿಂದ ಇಳಿದು ಒಳಗೆ ಬಂದಳು. ತಲೆಗೆ ಹೆಲ್ಮೆಟ್, ಕಣ್ಣು ಕೆಂಡ. ಗಂಡ ಬಾಟಿಕ್ ಬಟ್ಟೆ ಹೊದ್ದು ಅಕ್ಕಿಯ ಲೆಕ್ಕ ಬಿಡಿಸುತ್ತಿದ್ದ. ಅವಳು ಅವನ ಭುಜ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

"ಬೆಕಾಸಿಯಿಂದ ಇಲ್ಲಿವರೆಗೂ ಅತ್ಕೊಂಡು ಬಂದಿದೀನಿ," ಎಂದಳು. "ಬೈಕಿನವನೂ ಅತ್ತ. ಪರಿಚಯವೇ ಇಲ್ಲದ ಮನುಷ್ಯ, ಬಾಂಗ್! ಅವನಿಗೆ ಏನು ಹೇಳ್ಲಿ ನಾನೀಗ?"

ಹೆಲ್ಮೆಟ್ ತೆಗೆದಳು. ಮುರ್ಸಲಿ ಅದನ್ನು ನೋಡಿ ತಾನಾಗಿಯೇ ಮತ್ತೆ ಚಾಪೆಯ ಮೇಲೆ ಮಲಗಿದ.

ಮಾರನೆಯ ಬೆಳಗ್ಗೆ ಏಳಕ್ಕೆ ರೋಜಾಲಿ ಕಾಫಿ ಲೋಟ ಹಿಡಿದು ತನ್ನ ಬಾಗಿಲಲ್ಲಿ ಕೂತು ಎದುರು ಮನೆಗೆ ಬೈಯಲು ಆರಂಭಿಸಿದ. ಒಂಬತ್ತು ವರ್ಷದ ಸಂಗ್ರಹ. ದಿನಕ್ಕೆ ಅರ್ಧ ಗಂಟೆ. ಮುರ್ಸಲಿ ಜಗಲಿಯಲ್ಲಿ ತಲೆ ತಗ್ಗಿಸಿ, ಫ್ಯಾನ್ ಬಿಚ್ಚುತ್ತಾ, "ಹೌದು ಬಾಂಗ್. ಸರಿ ಬಾಂಗ್," ಎನ್ನುತ್ತಿದ್ದ. ಮೂರನೆಯ ವಾರ ರೋಜಾಲಿಯ ಗಂಟಲು ಕೂತಿತು. ಮುರ್ಸಲಿ ಶುಂಠಿ ಕಷಾಯ ತಂದುಕೊಟ್ಟ. ರೋಜಾಲಿ ಅದನ್ನು ಕುಡಿದು, ಸಕ್ಕರೆ ಸಾಲದೆಂದು ಬೈದ.

ಒಂದು ಶುಕ್ರವಾರ ಅವನು ಹೇಳಿದ, "ನನಗೆ ಬಂದು ಹೇಳಿದ್ರೆ ಮುಗೀತಾ? ಸಾಮಾನ್‌ಗೆ ಯಾರು ಹೇಳ್ತಾರೆ?" ಇಬ್ಬರೂ ಬಸ್ಸು ಹಿಡಿದು ಕರಾವಾಂಗಿಗೆ ಹೋದರು. ಸಾಮಾನ್ ಎಲ್ಲವನ್ನೂ ಕೇಳಿದ. ಆಮೇಲೆ, "ಆವತ್ತು ನಾನು ಈ ಕಂಬ ಆ ಕಂಬ ನೋಡ್ಕೊಂಡು ಮಗು ಹಾಗೆ ಅಳ್ತಾ ಓಡಾಡಿದೀನಿ, ಗೊತ್ತಾ ನಿನಗೆ?" ಎಂದು ಶುರುಮಾಡಿ ಊಟದ ಹೊತ್ತಿನವರೆಗೂ ಬೈದ. ಮುರ್ಸಲಿ ಕಣ್ಣೊರೆಸಿಕೊಂಡದ್ದನ್ನು ಕಂಡು ರೋಜಾಲಿಗೆ ಸಹಿಸಲಾಗಲಿಲ್ಲ. "ಸಾಕು ಬಿಡಪ್ಪ ಸಾಮಾನ್. ಬೈಯೋ ಅಧಿಕಾರ ನನ್ನದು. ಕಾಗದದಲ್ಲಿ ಬರೆಸಿಲ್ಲ ಅಷ್ಟೇ," ಎಂದ.

ವರ್ಷದ ನಂತರ ಸಿನಿಮಾ ಬಂತು. ಇಡೀ ಗಲ್ಲಿ ಮಧ್ಯಾಹ್ನದ ಆಟಕ್ಕೆ ಹೋಯಿತು. ನಾಯಕ ಚಾಕು ಹಿಡಿದು ಕತ್ತಲಲ್ಲಿ ಅಲೆದ. ಸೇಡು, ಕಣ್ಣೀರು, ನೆರಳು. ಕೊನೆಗೂ ಸಾವಿನ ಮನೆ ಬಂತು. ರೋಮ್ಲಾಳ ಅಳುವಿಗೆ ಪರದೆಯ ಮೇಲೆ ಪೂರ್ತಿ ಏಳು ಸೆಕೆಂಡ್ ಸಿಕ್ಕಿತ್ತು. ಪಾ ಸುಗೆಂಗರ ಬೆನ್ನಿಗೆ ಮೂರು. ಮುರ್ಸಲಿಯದು ಬಲಗಾಲಿನ ಹೆಬ್ಬೆರಳು ಮಾತ್ರ ಕಂಡಿತು, ಅದೂ ಮಸುಕಾಗಿ. "ಅದೇ! ಅದೇ ನಾನು!" ಎಂದ ಅವನು. ಮಸ್ನಾ ಅವನ ತೊಡೆ ಚಿವುಟಿದಳು.

ಆಮೇಲೆ ರೋಜಾಲಿಯ ಮುಖ ಪರದೆಯ ತುಂಬ ಬಂತು. ಅವನು ಹೇಳಿದ್ದೆಲ್ಲವನ್ನೂ ಕಿನಾಂತಿ ಒಂದು ಮಾತೂ ಬಿಡದೆ ಇಟ್ಟುಕೊಂಡಿದ್ದಳು. ಚಿತ್ರಮಂದಿರದ ತುಂಬ ಬಿಕ್ಕುವ ಸದ್ದು. "ಹೋಗ್ಲಿ. ಕ್ಷಮಿಸಿದೀನಿ," ಎಂದಿತು ದೊಡ್ಡ ಮುಖ.

"ವಾಪಸ್ ತಗೊಂಡಿದೀನಿ!" ಎಂದು ರೋಜಾಲಿ ಕತ್ತಲಲ್ಲಿ ಎದ್ದು ನಿಂತು ಗರ್ಜಿಸಿದ. "ಅದನ್ನ ಯಾಕೆ ಹಾಕಿಲ್ಲ? ಯಾರದು ಪರದೆ ಹಿಂದೆ? ಅದನ್ನೂ ಹಾಕಿ!"

ಟಾರ್ಚ್ ಹಿಡಿದವರು ಬಂದು ಅವನನ್ನು ಹೊರಗೆ ಕಳಿಸಿದರು. ನಾಯಕ ಚಾಕುವನ್ನು ಏನು ಮಾಡಿದ ಎಂದು ತಿಳಿದುಕೊಳ್ಳದೆ ಮುರ್ಸಲಿಯೂ ಎದ್ದು ಹಿಂದೆ ಹೋದ.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು. ರೋಜಾಲಿ ಜೇಬಿನಿಂದ ಮಡಿಸಿದ ಹಳದಿ ಬಟ್ಟೆ ತೆಗೆದ. ಒಗೆದು ಇಸ್ತ್ರಿ ಮಾಡಿದ್ದ.

"ತಗೋ."

"ಪಂಜರಕ್ಕಾ, ಬಾಂಗ್?"

"ನಿನ್ನ ತಲೆಗೆ! ನಾನು ಹೋದ ದಿನ ಇದನ್ನ ಗಲ್ಲಿ ಬಾಯಲ್ಲಿ ಕಟ್ಟಬೇಕು. ನೀನೇ. ಸಾಮಾನ್ ಬರೋವರೆಗೂ ಕಂಬದ ಹತ್ರಾನೇ ನಿಂತಿರಬೇಕು, ಮೂತ್ರಕ್ಕೂ ಹೋಗಕೂಡದು. ತಿಳೀತಾ?"

ಮುರ್ಸಲಿ ಎರಡೂ ಕೈಗಳಲ್ಲಿ ಬಟ್ಟೆ ತೆಗೆದುಕೊಂಡ. ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಪ್ರಶ್ನೆ ಅವನ ಬಾಯಿಗೆ ಬಂತು. ಕೇಳಬಾರದೆಂದು ಅವನಿಗೇ ಗೊತ್ತಿತ್ತು.

"ಬಾಂಗ್, ಆವತ್ತು ಚುನಾವಣೆ ಇದ್ರೆ?"

ರೋಜಾಲಿ ಬೈಯಲು ಶುರು ಮಾಡಿದ. ಮೆಟ್ಟಿಲಿಳಿದು ರಸ್ತೆ ದಾಟುವವರೆಗೂ ಬೈದ. ಬಸ್ಸು ಬಂದಾಗ ಮುಂದಾಗಿ ಹತ್ತಿ, ಕಿಟಕಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಹಿಡಿದಿಟ್ಟು, ಮುರ್ಸಲಿ ಬಂದು ಕೂತ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದ.